ಡಾಕ್ಟರ್‌ಬಾಯಿ ಬರದುಕೊಟ್ಟ ಚಿತ್ರ

ಎಪ್ಪತ್ತರ ದಶಕದ ಮಾತು. ಲಗ್ನ ಆಗಿ ಎರಡು ವರ್ಷ ಆಗಿತ್ತು. ಸೊಲ್ಲಾಪುರದಾಗ ನಮ್ಮವರದು ಅರಿಬಿ ಅಂಗಡಿ. ಬಂಗಾರದಂಥಾ ಗಂಡ, ಸುಳ್ಳ್ಯಾಕ ಹೇಳ್ಲಿ. ಆದರ ಹಾಸಿಗ್ಯಾಗ ನನಗೇನೂ ಅನಸ್ತಿದ್ದಿಲ್ಲ. ಅವರು ಸಮಾಧಾನಾಗಿ ಗೊರಕಿ ಹೊಡೀತಿದ್ರು, ನಾ ಜಂತಿ ಎಣಸ್ತಿದ್ದೆ. ಶಾವಿಗಿ ಮಾಡೂಮುಂದ ಹೆಂಗಸರು ಗಂಡಂದಿರ ಸುದ್ದಿ ತಗದು ಕಿಸಿಕಿಸಿ ನಗೋರು. ನಾನೂ ನಗತಿದ್ದೆ, ಏನ್ಮಾಡ್ಲಿ!

ಆ ವರ್ಷ ನೆಗೆಣ್ಣಿ ಮೂರನೇದು ಹಡದ್ಲು. ಬಾಣಂತಿಗೆ ನೀರು ಹಾಕೋ ಕೆಲಸ ನನಗ ಬಂತು. ಬಚ್ಚಲದಾಗ ಕಂಡೆ: ತೊಡಿ ನಡುವ ಆಕಿದು ನನ್ನಂಗ ಇಲ್ಲ. ಅಲ್ಲಿ ನನ್ನ ಚರ್ಮದ ಪದರು ಉದ್ದ, ಅದೂ ಒಂದು ಕಡೆ ಹೆಚ್ಚು. ದೇವರು ನನ್ನ ತಪ್ಪಿ ಮಾಡ್ಯಾನ, ಅದಕ್ಕ ನನಗ ಸುಖ ತಿಳಿಯಂಗಿಲ್ಲ ಅಂದ್ಕೊಂಡೆ. ‘ಇನ್ನೊಂದು ಲಗ್ನ ಮಾಡ್ಕೊಳ್ರಿ’ ಅಂತ ನಮ್ಮವರಿಗೆ ಹೇಳಿ ತವರಿಗೆ ಹೋಗಿಬಿಡೋದು ಅಂತ ನಿಕ್ಕಿ ಮಾಡಿದ್ದೆ. ಹುಚ್ಚಿ, ಖರೇನ ಹುಚ್ಚಿ!

ಹೋಗೂಕಿಂತ ಮೊದಲ ಅಕ್ಕಲಕೋಟದ ಗುಡಿಗೆ ಐದು ಗುರುವಾರ ಹೋಗಿ ಬೇಡಿಕೊಂಡೆ. ಅತ್ತಿ ಅದು ಕೂಸಿನ ಹರಕಿ ಅಂತ ತಿಳದು ಖುಷಿಲೆ ಬುತ್ತಿ ಕಟ್ಟಿಕೊಡತಿದ್ರು. ಐದನೇ ಗುರುವಾರ ಗುಡಿಯಿಂದ ಬರೂಮುಂದ ಲೇಡಿ ಡಾಕ್ಟರ ಬೋರ್ಡ್ ಕಣ್ಣಿಗೆ ಬಿತ್ತು. ದೇವರ ಮುಂದ ಹೇಳಿದ್ದನ್ನ ಈಕಿ ಮುಂದ ಹೇಳಾಕೇನು ನಾಚಿಕಿ ಅಂತ ಒಳಗ ಹೊಕ್ಕೆ.

ಡಾಕ್ಟರ್‌ಬಾಯಿ ತಪಾಸ ಮಾಡಿ ಜೋರಾಗಿ ನಕ್ಕುಬಿಟ್ಲು.

‘ಅಲ್ಲವಾ, ನಿನ್ನ ಮೂಗು ನೆಗೆಣ್ಣಿ ಮೂಗಿನಂಗ ಐತೇನು? ಇದೂ ಹಂಗ, ಒಬ್ಬೊಬ್ಬರದು ಒಂದೊಂದು ನಮೂನಿ. ನಿನಗೇನೂ ಆಗಿಲ್ಲ.’

ಔಷಧ ಚೀಟಿ ಹಿಂದ ಅದರ ಚಿತ್ರ ತಗದು ಮ್ಯಾಲಿನ ತುದಿಗೆ ಒಂದು ಚುಕ್ಕಿ ಇಟ್ಲು. ‘ಹೆಣ್ಣಿನ ಸುಖ ಇಲ್ಲೈತಿ. ಹೊರಗ ಕಾಣೋದು ಇಷ್ಟೇ, ಉಳದದ್ದು ಒಳಗ. ಬರೇ ಕೂಡೋದ್ರಿಂದ ಭಾಳ ಮಂದಿಗೆ ಅದು ಸಿಗಂಗಿಲ್ಲ. ಇಲ್ಲಿ ಸಾವಕಾಶ ಮುಟ್ಟಬೇಕು. ಗಂಡಗ ಹೇಳು.’

‘ಗಂಡನ ಹೆಸರನ್ನ ಒಡಪು ಹಚ್ಚಿ ಹೇಳೋ ಮಂದಿ ನಾವು, ಇದನ್ನ ಹೆಂಗ ಹೇಳ್ಲಿರಿ?’

‘ಹಂಗಾದ್ರ ಚಿತ್ರ ತೋರಸು.’

ಅಂಗಡಿ ಸೂಟಿ ಇದ್ದ ದಿನ ಮಧ್ಯಾಹ್ನ ತೋರಿಸಿದೆ. ನಮ್ಮವರು ಕೆಂಪಗಾದ್ರು. ‘ನನಗ್ಯಾರು ಕಲಿಸ್ಯಾರ? ನೀ ಹೇಳಬೇಕಿಲ್ಲೇನು?’

‘ನೀವು ಕೇಳಬೇಕಿಲ್ಲೇನ್ರಿ?’

ಆಮ್ಯಾಗ ಕೇಳಿದ್ರು. ದಿನಾ ಕೇಳಿದ್ರು, ಸಾವಕಾಶ. ಒಂದಿನ ಮೈಯೆಲ್ಲಾ ಝುಮ್ಮಂತ ಬಿಗದು, ಒಮ್ಮೆಲೇ ಸಡಲಾತು. ನನಗ ನಗಿ ತಡೀಲಾರದಂಗ ಬಂತು. ಭಾಳ ಸುಖ ಅನಸ್ತು. ತವರಿಗೆ ಹೋಗೋ ವಿಚಾರ ಮತ್ತ ನನ್ನ ಮನಸ್ಸಿನಾಗ ಬರಲಿಲ್ಲ.

ಚೀಟಿ ಮಸಾಲಿ ಡಬ್ಬಿ ಕೆಳಗ ಇಟ್ಟಿದ್ದೆ. ಅದು ಅತ್ತಿ ಕೈಗೆ ಸಿಕ್ತು.

‘ಇದೇನವಾ, ರಂಗೋಲಿಯೇನು?’

ಸುಳ್ಳು ಹೇಳಾಕ ಬಾಯಿ ಬರಲಿಲ್ಲ, ಎಲ್ಲಾ ಹೇಳಿಬಿಟ್ಟೆ. ಬೈತಾರ ಅಂತ ತಲಿ ಕೆಳಗ ಹಾಕಿ ನಿಂತೆ. ಅತ್ತಿ ಅಲ್ಲೇ ಕುಂತ್ರು.

‘ಆರು ಹಡದೇನಿ,’ ಅಂದ್ರು. ಚುಕ್ಕಿ ಮ್ಯಾಲ ಬೆರಳಿಟ್ಟು, ‘ಇದು ನನಗೂ ಐತೇನ?’

‘ಎಲ್ಲಾ ಹೆಂಗಸರಿಗೂ ಐತ್ರಿ ಅತ್ತಿ.’

ಪಡಸಾಲ್ಯಾಗ ಮಾವನವರು ಪೇಪರ್ ಓದಾಕತ್ತಿದ್ರು. ಅತ್ತಿ ಒಮ್ಮೆ ಆ ಕಡೆ ನೋಡಿದ್ರು. ಚೀಟಿ ಮಡಚಿ ಕುಪ್ಪಸದಾಗ ಇಟ್ಕೊಂಡ್ರು, ನನಗ ತಿರುಗಿ ಕೊಡಲಿಲ್ಲ.