ನಿಮರನ ಕಕ್ಕಸಿನ ಕೀಲಿ

ವೆರ್ಜಿನೆಗೆ ಒಂದು ಕಡೆ ಕೂರುವುದು ಆಗದ ಮಾತು. ನಿಂತೇ ಕಾಫಿ ಕುಡಿಯುತ್ತಾಳೆ, ನಿಂತೇ ಉಣ್ಣುತ್ತಾಳೆ, ಬೀದಿಗೆಲ್ಲ ಕರೆಂಟು ಮಾರುವ ಜನರೇಟರಿನವನ ಜೊತೆ ಜಗಳವಾಡಲಿಕ್ಕಂತೂ ಮಹಡಿಯಿಂದಿಳಿದು ಬೀದಿಗೇ ಹೋಗುತ್ತಾಳೆ. ಅರ್ಧ ಆಯುಷ್ಯ ಕಸೂತಿಯ ಚೌಕಟ್ಟಿನ ಮುಂದೆ ಕೂತವಳು. "ನನ್ನ ಪಾಲಿನ ಕೂರೋದನ್ನೆಲ್ಲ ಆ ನಿಮರನ ಹತ್ರಾನೇ ಕೂತು ಮುಗಿಸಿದೀನಿ" ಅನ್ನುವುದು ಅವಳ ವಾದ. ಬೈರೂತಿನ ಅಂಚಿನ ಅರ್ಮೇನಿಯನ್ನರ ಕೇರಿ ಬುರ್ಜ್ ಹಮೂದಿನಲ್ಲಿ ಕಸದ ರಾಶಿಯ ವಿರುದ್ಧ ರಸ್ತೆ ತಡೆದಾಗಲೂ, ನೀರು ಬಾರದ ಬೇಸಿಗೆಯಲ್ಲಿ ಖಾಲಿ ಡಬ್ಬಿ ಬಡಿಯುತ್ತ ಹೆಂಗಸರು ಹೊರಟಾಗಲೂ ಮುಂದಿನ ಸಾಲಿನಲ್ಲಿ ಆ ಕುಳ್ಳಿ ಇದ್ದೇ ಇದ್ದಳು. ಗಂಡ ಹಾಗೋಪ್ ಬದುಕಿದ್ದಾಗ, "ಇವಳ ಬದಲು ಒಂದು ಸೈರನ್ ಕಟ್ಟಿಕೊಂಡಿದ್ರೆ ಮನೆ ತಣ್ಣಗಿರ್ತಿತ್ತು" ಅನ್ನುತ್ತಿದ್ದ.

ಅಂಥವಳನ್ನು ಸಿನಿಮಾದವರು ಹಿಡಿದು ಕೂರಿಸಿದರು.

ನಿಮರ್ ಸತ್ತು ಕೆಲವು ವರ್ಷಗಳಾಗಿದ್ದವು. ಬೈರೂತಿನ ಶ್ರೀಮಂತರ ಮದುವಣಗಿತ್ತಿಯರಿಗೆ, ಕೊಲ್ಲಿ ರಾಷ್ಟ್ರಗಳ ಅರಮನೆಗಳ ಹೆಂಗಸರಿಗೆ ಉಡುಪು ರೂಪಿಸಿ ದೊಡ್ಡ ಹೆಸರು ಮಾಡಿದವನು. ಅವನ ಬದುಕನ್ನು ಸಿನಿಮಾ ಮಾಡಲು ಹೊರಟವಳು ನಾಯ್ಲಾ, ಮಾತು ಮಾತಿಗೂ ಕೂದಲನ್ನು ಪೆನ್ಸಿಲ್ಲಿಗೆ ಸುತ್ತಿ ಕಟ್ಟುವ ಚುರುಕು ನಿರ್ದೇಶಕಿ. ಒಂದು ಹಳೆಯ ಚಪ್ಪಲಿ ಕಾರ್ಖಾನೆಯನ್ನು ಬಾಡಿಗೆಗೆ ಹಿಡಿದು ನಿಮರನ ಕಸೂತಿ ಕೋಣೆಯನ್ನು ಅಲ್ಲಿ ಎಬ್ಬಿಸಿದ್ದಳು. ಕೋಣೆ ನಿಜದ್ದಕ್ಕಿಂತ ಚೆಂದವಾಗಿತ್ತು. ಕಿಟಕಿಗಳು ದೊಡ್ಡವು, ಬೆಳಕು ಜೇನಿನ ಬಣ್ಣದ್ದು, ಕೆಲಸದ ಹೆಂಗಸರಾಗಿ ಕೂತ ನಟಿಯರ ಕತ್ತುಗಳು ಹಂಸದವು. ಪರದೆಯ ಮೇಲೆ ಬೆರಳುಗಳು ದೊಡ್ಡದಾಗಿ ಕಾಣಬೇಕಾದಾಗ ಮಾತ್ರ ವೆರ್ಜಿನೆಯ ಬೆರಳು ಬೇಕು. ಅವಳಿಗೆ ಅದೇ ಕೆಲಸ. ನಟಿಯರಿಗೆ ಕೊಕ್ಕೆಸೂಜಿ ಹಿಡಿಯಲು ಕಲಿಸುವುದು, ಮತ್ತೆ ತನ್ನ ಬೆರಳು ಕೊಡುವುದು.

ಅವಳು ಒಪ್ಪಿಕೊಂಡದ್ದು ಒಂದೇ ಒಂದು ಕಾರಣಕ್ಕೆ. ಹೋದ ಮೊದಲ ದಿನವೇ ಕೇಳಿದಳು. "ಕೀಲಿ ಸೀನು ಯಾವತ್ತಮ್ಮಾ?"

"ಯಾವ ಕೀಲಿ ತಾಂತ್?" ಅಂದಳು ನಾಯ್ಲಾ. ಅಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ತಾಂತ್ ಎಂದೇ ಕರೆಯುವುದು.

"ಕಕ್ಕಸಿಂದು."

ನಾಯ್ಲಾ ನಕ್ಕಳು. ವೆರ್ಜಿನೆ ನಗಲಿಲ್ಲ.

ಆ ಕೀಲಿಯ ಕಥೆ ಇಷ್ಟು. ಅಂತರ್ಯುದ್ಧ ಮುಗಿದು ನಾಲ್ಕಾರು ವರ್ಷ ಆಗಿದ್ದ ಕಾಲ. ನಿಮರನ ಕೋಣೆಗೆ ಒಂದೇ ಕಕ್ಕಸು, ಅದಕ್ಕೊಂದು ಬೀಗ, ಕೀಲಿ ನಿಮರನ ಕಿಸೆಯಲ್ಲಿ. ಹೋಗಬೇಕಾದವಳು ಎದ್ದು, ಗಿರಾಕಿಗಳ ಮುಂದೆ ಹಾದು, ಅವನ ಮೇಜಿನ ಹತ್ತಿರ ನಿಂತು ಕೇಳಬೇಕು. ಅವನು ಕನ್ನಡಕದ ಮೇಲಿಂದ ನೋಡಿ, "ಮತ್ತೇನಾ? ಬೆಳಿಗ್ಗೆ ಹೋಗಿದ್ಯಲ್ಲ" ಅನ್ನಬೇಕು. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಉರಿಮೂತ್ರ ಆ ಕೋಣೆಯವರಿಗೆ ನೆಗಡಿಯಷ್ಟು ಸಾಮಾನ್ಯ. ಒಂದು ಮಧ್ಯಾಹ್ನ, ಪಕ್ಕದ ಚೌಕಟ್ಟಿನ ಮಾನಿಷಾಗ್, ಆರು ತಿಂಗಳ ಬಸುರಿ, ಕೂತಲ್ಲೇ ಒದ್ದೆ ಮಾಡಿಕೊಂಡಳು. ನಿಮರ್ ಬಂದು ನೋಡಿದ. ಬೈಯಲಿಲ್ಲ. ಬಕೆಟ್ಟು ತರಿಸಿ, ಗಿರಾಕಿಗಳು ನೋಡುತ್ತಿದ್ದಂತೆ ಅವಳ ಕೈಯಲ್ಲೇ ನೆಲ ಒರೆಸಿಸಿದ.

ಕೆಲಸ ಬಿಟ್ಟು ಹೋಗೋಣ ಅಂದವರು ಇದ್ದರು. ವೆರ್ಜಿನೆ ಬೇಡ ಅಂದಳು. ಬಿಟ್ಟು ಹೋದರೆ ಪಕ್ಕದ ಬೀದಿಯಿಂದ ಬೇರೆಯವರು ಬಂದು ಕೂರುತ್ತಾರೆ. ಕೊಕ್ಕೆಸೂಜಿಯ ಕಸೂತಿಗೆ ಒಂದು ಗುಣವಿದೆ. ದಾರ ಸರಪಳಿಯ ಹಾಗೆ ಒಂದರೊಳಗೊಂದು ಸಿಕ್ಕಿಕೊಂಡು ಸಾಗುತ್ತದೆ. ಸಾಲಿನ ಕೊನೆಗೆ ಗಂಟು ಬೀಳುವ ತನಕ ಅದನ್ನು ಹೊಲಿಗೆ ಅನ್ನಲಾಗದು, ತುದಿ ಹಿಡಿದು ಎಳೆದರೆ ಸಾಲಿಗೆ ಸಾಲೇ ಬಿಚ್ಚಿ ಮಣಿಗಳು ನೆಲ ಸೇರುತ್ತವೆ. ನಿಮರನ ದೊಡ್ಡ ಪ್ರದರ್ಶನವೊಂದು ಹತ್ತಿರ ಬಂದಿತ್ತು, ಅದರ ಮುಖ್ಯ ಉಡುಪು ಇವರ ಚೌಕಟ್ಟಿನ ಮೇಲಿತ್ತು. ಹೆಂಗಸರು ಯಾವತ್ತಿಗಿಂತ ಚುರುಕಾಗಿ ದುಡಿದರು. ಪ್ರದರ್ಶನದ ಮುನ್ನಾದಿನ ಉಡುಪು ಮುಗಿದಿತ್ತು, ಥಳಥಳ ಹೊಳೆಯುತ್ತಿತ್ತು. ಒಂದು ಸಾಲಿಗೂ ಗಂಟು ಬಿದ್ದಿರಲಿಲ್ಲ. ನಿಮರ್ ಬಂದು ಕೈಯಾಡಿಸಿ ತಲೆದೂಗುವಾಗ ವೆರ್ಜಿನೆ ಒಂದು ತುದಿ ಹಿಡಿದು ಎಳೆದಳು. ಮಣಿಗಳು ತೊಗರಿಬೇಳೆ ಚೆಲ್ಲಿದ ಹಾಗೆ ಸುರಿದವು.

"ಎಲ್ಲಾ ಸಾಲೂ ಹೀಗೇ ಇದೆ ಮಿಸ್ಯೂ. ಕೀಲಿ ಕೊಡಿ."

ಅವನು ಕೀಲಿ ಎಸೆದ. ಅವರು ಬೀಗವನ್ನೇ ಒಡೆದು ಬಿಸಾಕಿ ಬಂದು ಗಂಟು ಹಾಕಲು ಕೂತರು. ವೆರ್ಜಿನೆಯ ಬದುಕಿನಲ್ಲಿ ಪೂರ್ತಿ ಗೆದ್ದ ಜಗಳ ಅದೊಂದೇ. ಕಸ ಇನ್ನೂ ಬಿದ್ದಿದೆ, ನೀರು ಇನ್ನೂ ಬರುವುದಿಲ್ಲ.

ನಾಯ್ಲಾಳ ಸಿನಿಮಾದಲ್ಲಿ ಹೆಂಗಸರು ಕೆಲಸ ನಿಲ್ಲಿಸುವುದೇನೋ ಇತ್ತು. ಆದರೆ ಯಾಕೆ? ನಿಮರ್ ಪ್ಯಾರಿಸಿಗೆ ಹೊರಟುಬಿಡುತ್ತಾನೆಂಬ ದುಃಖಕ್ಕೆ. ಅವನು ಬಂದು, "ನನ್ನ ಕನಸಿಗೆ ಬೆರಳು ಕೊಟ್ಟವರು ನೀವು" ಎಂದು ಭಾಷಣ ಮಾಡುತ್ತಾನೆ. ಇವರು ಕಣ್ಣೊರೆಸಿಕೊಂಡು ಮತ್ತೆ ಸೂಜಿ ಎತ್ತುತ್ತಾರೆ.

"ಇವನು ಪ್ಯಾರಿಸಿಗೆ ಹೋಗ್ತಾನೆ ಅಂದಿದ್ರೆ ನಾವು ಹಲ್ವಾ ಹಂಚ್ತಿದ್ವಿ" ಅಂದಳು ವೆರ್ಜಿನೆ.

"ತಾಂತ್, ಇದು ಸೌಂದರ್ಯದ ಸಿನಿಮಾ. ಜನ ಬಟ್ಟೆ ನೋಡೋಕೆ ಬರ್ತಾರೆ. ಕಕ್ಕಸು ನೋಡೋಕೆ ಅವರ ಮನೇಲೇ ಇದೆಯಲ್ಲ."

"ನಮಗಿರಲಿಲ್ಲ ಕಣಮ್ಮ. ಅದನ್ನೇ ಹೇಳ್ತಿರೋದು."

ವೆರ್ಜಿನೆ ಸೂಜಿ ಕೆಳಗಿಟ್ಟು ಎದ್ದು ಮನೆಗೆ ಹೋದಳು. ಅಷ್ಟರಲ್ಲಿ ಅವಳ ಬೆರಳು ಅರ್ಧ ಸಿನಿಮಾದಲ್ಲಿ ಸೇರಿಹೋಗಿತ್ತು. ಗಾಯದ ಗುರುತುಗಳು, ಸೊಟ್ಟಗಾದ ಕಿರುಬೆರಳು. ಅಂಥದ್ದೇ ಇನ್ನೊಂದು ಜೊತೆಯನ್ನು ಎಲ್ಲಿಂದ ತರುವುದು? ಎರಡು ದಿನ ನಾಯ್ಲಾ ಫೋನು ಮಾಡಿದಳು, ಇವಳು ಎತ್ತಲಿಲ್ಲ. ಬಾಲ್ಕನಿಯಿಂದ ಅಡುಗೆಮನೆ, ಅಡುಗೆಮನೆಯಿಂದ ಬಾಲ್ಕನಿ ತಿರುಗಿದಳು. ಮೂರನೆಯ ದಿನ ನಾಯ್ಲಾ ತಾನೇ ಮಹಡಿ ಹತ್ತಿ ಬಂದಳು, ಏದುಸಿರು ಬಿಡುತ್ತ ಪೂರ್ತಿ ಕಥೆ ಕೇಳಿದಳು. ಗಂಟಿಲ್ಲದ ಸಾಲುಗಳ ವಿಷಯ ಬಂದಾಗ ಕೂದಲಿನಿಂದ ಪೆನ್ಸಿಲ್ ತೆಗೆದಳು. "ತಾಂತ್, ಇದನ್ನ ಮೊದಲೇ ಯಾಕೆ ಹೇಳಲಿಲ್ಲ" ಅಂದಳು. ಕೀಲಿ ಸಿನಿಮಾಕ್ಕೆ ಬಂತು.

ಆ ಸಂತೋಷಕ್ಕೆ ವೆರ್ಜಿನೆ ನೆಟ್ಟಗೆ ಹೋದದ್ದು ಮಾನಿಷಾಗ್ ಈಗ ನಡೆಸುವ ಮಸಾಲೆ ಅಂಗಡಿಗೆ. ಮಾನಿಷಾಗ್ ತೂಕ ಮಾಡುತ್ತಿದ್ದ ಜೀರಿಗೆಯನ್ನು ಹಾಗೇ ಬಿಟ್ಟು ಅವಳನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು.

"ಯಾರನ್ನ ಕೇಳಿ ಹೇಳ್ದೆ?"

"ಏನು ಕೇಳೋದು? ನಾವೆಲ್ಲ ಸೇರಿ ಗೆದ್ದದ್ದಲ್ವೇನೇ."

"ಗೆದ್ದದ್ದು ನೀವೆಲ್ಲ. ಉಚ್ಚೆ ಹೊಯ್ದದ್ದು ನಾನೊಬ್ಬಳು." ಮಾನಿಷಾಗ್‌ಳ ದನಿ ಏರಲಿಲ್ಲ, ಅದೇ ಕಷ್ಟವಾದದ್ದು. "ನನ್ನ ಸೊಸೆಗೆ ಗೊತ್ತಿಲ್ಲ. ಆವತ್ತು ಹೊಟ್ಟೇಲಿದ್ದ ಮಗನಿಗೇ ಗೊತ್ತಿಲ್ಲ. ಇಗರ್ಜಿಯಲ್ಲಿ ನಾನು ಪಾಯಸ ಹಂಚ್ತೀನಿ ಕಣೇ ವೆರ್ಜಿನೆ. ನಾಳೆ ಜನ ಆ ಕೈ ನೋಡಿ ಬಟ್ಟಲು ಮುಂದೆ ಹಿಡೀತಾರಾ?"

"ನಾಚಿಕೆ ಪಡಬೇಕಾದವನು ಅವನು."

"ಅವನು ಸತ್ತ. ನಾಚಿಕೆಯನ್ನ ನನ್ನ ಹತ್ರ ಬಿಟ್ಟು ಸತ್ತ. ನಿಂಗೆ ಧ್ವಜ ಬೇಕು, ಯಾವಾಗ್ಲೂ ಬೇಕು. ನನ್ನ ಲಂಗ ಬಿಚ್ಚಿ ಕೋಲಿಗೆ ಕಟ್ಟಬೇಡ."

ಹೊರಗೆ ಗಿರಾಕಿ ಕರೆದ. ಮಾನಿಷಾಗ್ ಹೋದಳು. ಮತ್ತೆ ಒಳಗೆ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ವೆರ್ಜಿನೆಗೆ ನಿಂತಲ್ಲೂ ನಿಲ್ಲಲಾಗಲಿಲ್ಲ. ಬುರ್ಜ್ ಹಮೂದಿನ ಬೀದಿಗಳನ್ನು ಸೇತುವೆಯ ತನಕ ಸುತ್ತಿದಳು, ಖೀಮಾ ಹಚ್ಚಿ ಸುಟ್ಟ ರೊಟ್ಟಿ ಲಹ್ಮಜುನ್ ಕೊಂಡು ತಿನ್ನದೆ ಯಾರಿಗೋ ಕೊಟ್ಟಳು. ಬೇಡವೆಂದರೆ ಕೀಲಿ ಹೋಗುತ್ತದೆ, ಮತ್ತೆ ಹೆಂಗಸರು ಆ ನರಿಯ ಭಾಷಣ ಕೇಳಿ ಅಳುತ್ತಾರೆ, ಪರದೆಯ ಮೇಲೆ, ಶಾಶ್ವತವಾಗಿ, ವೆರ್ಜಿನೆಯ ಬೆರಳು ಇಟ್ಟುಕೊಂಡೇ. ಇರಲಿ ಎಂದರೆ ಮಾನಿಷಾಗ್ ಹೋಗುತ್ತಾಳೆ. ಹೆಸರಿಲ್ಲದೆ ತೋರಿಸಿದರೆ ಆಯಿತಲ್ಲ ಅನ್ನೋಣವೆಂದರೆ, ಬುರ್ಜ್ ಹಮೂದಿನಲ್ಲಿ ಹೆಸರಿಲ್ಲದ ವಿಷಯಕ್ಕೆ ಸಂಜೆಯೊಳಗೆ ಹೆಸರು ಹುಟ್ಟಿಕೊಳ್ಳುತ್ತದೆ. ಆ ಕೋಣೆಯಲ್ಲಿ ಬಸುರಿಯಾಗಿದ್ದವಳು ಯಾರು ಎಂದು ಎಣಿಸಲಿಕ್ಕೆ ಜನಕ್ಕೆ ಎಷ್ಟು ಹೊತ್ತು ಬೇಕು.

ಸೆಟ್ಟಿನಲ್ಲಿ ಒಂದು ದಿನ ನಾಯ್ಲಾ ಕೇಳಿಯೇ ಬಿಟ್ಟಳು. "ಕೂತಲ್ಲೇ ಒದ್ದೆ ಮಾಡ್ಕೊಂಡ ಆ ಹುಡುಗಿ ಯಾರು ತಾಂತ್? ಈಗ ಇದ್ದಾರಾ? ನಟಿಯನ್ನ ಅವರ ಜೊತೆ ಮಾತಾಡಿಸಬೇಕು."

ಕಾಫಿ ಹಂಚುವವನಿದ್ದ, ದೀಪದವರಿದ್ದರು, ಅಕ್ಕಪಕ್ಕದ ಬೀದಿಗಳಿಂದ ದಿನಗೂಲಿಗೆ ಬಂದು ಕೂತ ಹೆಂಗಸರಿದ್ದರು. ವೆರ್ಜಿನೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. "ನಾನೇ. ಬಸುರಿ ಗಿಸುರಿ ಏನಿರಲಿಲ್ಲ, ಹೊಯ್ಕೊಂಡೆ ಅಷ್ಟೆ. ಏನು ಬೇಕೋ ನನ್ನನ್ನೇ ಕೇಳಿ."

ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತು. ತರಕಾರಿಯವನು ಕಲ್ಲಂಗಡಿ ತೂಗುತ್ತಾ, "ತಾಂತ್ ವೆರ್ಜಿನೆ, ಇದರಲ್ಲಿ ನೀರು ಜಾಸ್ತಿ, ತಡ್ಕೊಳ್ತೀರಾ?" ಅಂದ. "ನಿನ್ನ ಅಂಗಡಿ ಮುಂದೇನೇ ಬಿಡ್ತೀನಿ, ಚಿಂತೆ ಬಿಡು" ಅಂದಳು. ಬೀಗಿತ್ತಿ ಫೋನು ಮಾಡಿ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು ನಿಟ್ಟುಸಿರು ಬಿಟ್ಟಳು. ನಗುವವರಿಗೆಲ್ಲ ವೆರ್ಜಿನೆ ಉತ್ತರ ಕೊಟ್ಟಳು. ಆದರೆ ಮನೆಗೆ ಬಂದು ಬಾಗಿಲು ಹಾಕಿಕೊಂಡಾಗ ಮುಖ ಬಿಸಿಯಾಗಿರುತ್ತಿತ್ತು. ತಾನು ಮಾಡದ ಕೆಲಸಕ್ಕೇ ಇಷ್ಟು ಉರಿಯುವುದಾದರೆ ಎಂದು ಯೋಚಿಸಿ, ಆ ಯೋಚನೆ ಮುಂದೆ ಹೋಗದಂತೆ ನೀರು ಕುಡಿಯುತ್ತಿದ್ದಳು.

ಚಿತ್ರೀಕರಣದ ದಿನ ಕಾರ್ಖಾನೆಯ ಬಾಗಿಲಲ್ಲಿ ಅರ್ಧ ಬೀದಿ ನೆರೆದಿತ್ತು. ವೆರ್ಜಿನೆಯ ಪಾತ್ರದ ಹುಡುಗಿ ಚೌಕಟ್ಟಿನ ಮುಂದೆ ಕೂತಳು. ಕ್ಯಾಮೆರಾ ಓಡಿತು. ಕೊಳವೆಯಿಂದ ಬಿಸಿನೀರು ಲಂಗಕ್ಕೆ ಹರಿಯಿತು. ಹುಡುಗಿ ಸೂಜಿ ಕೈಬಿಟ್ಟು ಮುಖ ಮುಚ್ಚಿಕೊಂಡು ಬಿಕ್ಕಿದಳು. ಚೆಂದ ಅತ್ತಳು. ನಾಯ್ಲಾಗೇ ಯಾಕೋ ಸಮಾಧಾನವಾಗಲಿಲ್ಲ.

"ತಾಂತ್, ನೀವು ಆಗ ಏನು ಮಾಡಿದ್ರಿ? ಹೀಗೇ ಅತ್ರಾ?"

ವೆರ್ಜಿನೆ ಆ ಮಧ್ಯಾಹ್ನವನ್ನು ಕೆದಕಿದಳು. ಅವಳು ನೋಡಿದ್ದು ನಿಮರನ ಬೂಟು, ಬಕೆಟ್ಟು, ಆಮೇಲಿನ ಸಿಟ್ಟು. ಪಕ್ಕದಲ್ಲೇ ಇದ್ದರೂ ಆ ಗಳಿಗೆಯಲ್ಲಿ ಮಾನಿಷಾಗ್‌ಳ ಮುಖವನ್ನು ನೋಡಿರಲೇ ಇಲ್ಲ. ಇಷ್ಟು ವರ್ಷ ಮನಸ್ಸಿನಲ್ಲೇ ಮೆರೆಸಿಕೊಂಡು ತಿರುಗಿದ ಕಥೆಯ ನಟ್ಟನಡುವೆ ಒಂದು ತೂತಿತ್ತು.

"ಅಳಲಿಲ್ಲ" ಎಂದು ಬಾಗಿಲಿನಿಂದ ದನಿ ಬಂತು.

ಬಾಗಿಲ ಗುಂಪಿನಲ್ಲಿ ಮಾನಿಷಾಗ್ ನಿಂತಿದ್ದಳು, ಅಂಗಡಿಯ ಏಪ್ರನ್ನಿನಲ್ಲೇ. "ಅವಳು ಅಳಲಿಲ್ಲ. ಸೂಜಿಯನ್ನೂ ಬಿಡಲಿಲ್ಲ. ಹೇಗೆ ಬಿಡ್ತಾಳೆ? ಸಾಲಿನ ಮಧ್ಯ ಇದ್ಲು. ಬಿಟ್ರೆ ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಬಿಚ್ಚಿ ಹೋಗುತ್ತೆ. ಅದಕ್ಕೇ ಕೀಲಿ ಕೇಳೋಕೂ ಏಳದೆ ಕೂತಿದ್ದದ್ದು. ಕಾಲಮೇಲೆ ಬಿಸಿ ಹರೀತಾ ಇದ್ರೂ ಸಾಲು ಮುಗಿಸಿ, ಗಂಟು ಹಾಕಿ, ದಾರ ಕತ್ತರಿಸಿ, ಆಮೇಲೆ ಎದ್ಲು."

"ನಿಮಗೆ ಹೇಗೆ ಗೊತ್ತು?" ಅಂದಳು ನಾಯ್ಲಾ.

"ಪಕ್ಕದಲ್ಲಿ ಕೂತವಳು ನಾನು" ಅಂದಳು ಮಾನಿಷಾಗ್.

ಹುಡುಗಿಗೆ ಒಣಗಿದ ಲಂಗ ಉಡಿಸಿದರು. ಈ ಸಲ ಕಸೂತಿಯ ಬೆರಳು ಬೇಕಿತ್ತು. ಸಾಲು ಮುಗಿಯುವ ತನಕ ನಿಲ್ಲದೆ ನಡೆಯುವ ಬೆರಳು. ನಾಯ್ಲಾ ವೆರ್ಜಿನೆಯನ್ನು ಕರೆದಳು. ವೆರ್ಜಿನೆ ಚೌಕಟ್ಟಿನ ತನಕ ಹೋಗಿ ನಿಂತು, ತಿರುಗಿ ಮಾನಿಷಾಗ್‌ಳ ಮುಖ ನೋಡಿದಳು.

"ಏನು ನೋಡ್ತೀಯ?" ಅಂದಳು ಮಾನಿಷಾಗ್. "ಕೂತ್ಕೋ. ಜನ ಕಾಯ್ತಿದಾರೆ."

"ನೀನು ಕೂರು."

"ನನ್ನ ಬೆರಳು ಜೀರಿಗೆ ವಾಸನೆ."

"ಸಿನಿಮಾದಲ್ಲಿ ವಾಸನೆ ಬರಲ್ಲ ಕಣೇ."

ಮಾನಿಷಾಗ್ ಒಂದು ಕ್ಷಣ ಬೀದಿಯ ಕಡೆ ನೋಡಿದಳು. ಅಲ್ಲಿ ಅವಳ ಸೊಸೆ ಮಗುವನ್ನೆತ್ತಿಕೊಂಡು ನಿಂತಿದ್ದಳು. ಏಪ್ರನ್ನಿಗೆ ಕೈ ಒರೆಸಿಕೊಂಡು, ನಡೆದು ಬಂದು ಸ್ಟೂಲಿನ ಮೇಲೆ ಕೂತಳು. ಬಟ್ಟೆಯ ಬಿಗಿಯನ್ನು ಹೆಬ್ಬೆರಳಿನಿಂದ ತಟ್ಟಿ ನೋಡಿ, "ಯಾರೇ ಇದನ್ನ ಬಿಗಿದದ್ದು, ಹಾಸಿಗೆ ಹಾಗೆ ಸಡಿಲಾಗಿದೆ" ಅಂದಳು. ಅವಳು ಚೌಕಟ್ಟನ್ನು ಮತ್ತೆ ಬಿಗಿಯುವ ತನಕ ಕ್ಯಾಮೆರಾದವರೆಲ್ಲ ಕಾದರು.