ಮಾವ ಗೆಲ್ಲುತ್ತಿದ್ದ ಆಟ

ಮಾವ ಸೀನಿದರೆ ಹಣೆಯ ವಿಭೂತಿ ಉದುರಿ ಕೀಬೋರ್ಡಿನ ಮೇಲೆ ಬೀಳುತ್ತಿತ್ತು. ಮೂರು ಪಟ್ಟೆ, ಅದೂ ಧಾರಾಳವಾಗಿ ಬಳಿದದ್ದು. ಉದುರಿದ್ದನ್ನು ಉಫ್ ಎಂದು ಊದಿ, ಬಲಗೈಯ ತೋರುಬೆರಳೊಂದನ್ನೇ ಮುಂದೆ ಮಾಡಿ, ಮಿಕ್ಕ ಬೆರಳುಗಳನ್ನು ಮೊಸರನ್ನ ತಿಂದು ಕೈತೊಳೆಯಲು ಎದ್ದವರ ಹಾಗೆ ಎತ್ತಿ ಹಿಡಿದು ಒಂದೊಂದೇ ಅಕ್ಷರ ಕುಟ್ಟುತ್ತಿದ್ದರು. ನೋಡುತ್ತಾ ಕೂತವರಿಗೆ ಪ್ರಾಣ ಹೋದ ಹಾಗಾಗುತ್ತಿತ್ತು.

ಅವರು ನನ್ನ ಸೋದರಮಾವ. ಭದ್ರಾವತಿಯ ನ್ಯೂ ಟೌನ್‌ನಲ್ಲಿ ಮನೆ, ಕಾರ್ಖಾನೆಯಲ್ಲಿ ಕೆಲಸ. ತೊಂಬತ್ತರ ದಶಕದಲ್ಲಿ ಮದ್ರಾಸಿಗೆ ಹೋದವರು, ಹಳೆ ಸಾಮಾನಿನ ಅಂಗಡಿಯಿಂದ ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರೊಂದನ್ನು ಹೊತ್ತು ತಂದರು. ಅದರ ಫ್ಲಾಪಿ ಡ್ರೈವ್ ಬೇರೆಯೇ ಒಂದು ಪೆಟ್ಟಿಗೆ, ಕಲ್ಲಿನಷ್ಟು ಭಾರ, ಶುರುವಾದರೆ ಹೊಲಿಗೆ ಮೆಷಿನ್ನಿನ ಸದ್ದು. "ಮನೇಲಿ ಇದ್ದಿದ್ದೊಂದು ಟಿವಿ. ಅದನ್ನೂ ಈ ಪೆಟ್ಟಿಗೆ ನುಂಗ್ತು" ಎಂದು ಅತ್ತೆ ಬಂದವರೆದುರೆಲ್ಲ ದೂರುತ್ತಿದ್ದರು.

ಅಷ್ಟೆಲ್ಲ ಒದ್ದಾಡಿ ಮಾವ ಬರೆದ ಪ್ರೋಗ್ರಾಮ್ ಯಾವುದು ಗೊತ್ತೇ? ಚೌಕಾಬಾರ. ಅತ್ತೆ ಆ ಆಟದಲ್ಲಿ ಮಾವನಿಗೆ ಸೋತದ್ದೇ ಇಲ್ಲ. "ನಿಮ್ಮತ್ತೆ ಕವಡೆ ಮಗುಚೋದ್ರಲ್ಲಿ ಏನೋ ಕೈಚಳಕ ಇದೆ ಮಾರಾಯ್ತಿ. ಮಷೀನ್ ಹಾಕ್ಲಿ ಕವಡೆನ, ಆಗ ನೋಡು" ಎನ್ನುತ್ತಿದ್ದರು. ಕವಡೆ ಹಾಕುವ ಕೆಲಸ ಯಂತ್ರಕ್ಕೆ ಹೋಯಿತು. ಅತ್ತೆ ಒಂದು ಕೈಯಲ್ಲಿ ಅವರೆಕಾಯಿ ಸುಲಿಯುತ್ತಾ ಇನ್ನೊಂದು ಕೈಯಲ್ಲಿ ಕೀ ಒತ್ತಿ ಆಗಲೂ ಗೆದ್ದರು. ಹಿಂದಿಗಿಂತ ಬೇಗ ಗೆದ್ದರು ಅಷ್ಟೇ.

ಒಂದು ಸಂಜೆ ಮಾತ್ರ ಲೆಕ್ಕ ತಲೆಕೆಳಗಾಯಿತು. ಮಾವನ ಮೂರು ಕಾಯಿ ಹಣ್ಣಾಗಿದ್ದವು, ಕೊನೆಯದಕ್ಕೆ ಒಂದೇ ಮನೆ ಬಾಕಿ. ಅತ್ತೆಯ ಸರದಿ ಬರುವ ಹೊತ್ತಿಗೆ ಯಾರೋ ನೆಂಟರು ಬಂದರು. ಮಾವ ಆಟವನ್ನು ಇದ್ದಲ್ಲಿಗೇ ಫ್ಲಾಪಿಯಲ್ಲಿ ಉಳಿಸಿ, "ನಾಳೆ ಪೂಜೆ ಆದ್ಮೇಲೆ ಮುಗಿಸೋಣ, ನೀನು ತಯಾರಿರು" ಎಂದು ಮೀಸೆ ತಿರುವಿದರು.

ಮರುದಿನ ಆಯುಧಪೂಜೆ. ಕಾರ್ಖಾನೆಯ ಊರಿನಲ್ಲಿ ಆಯುಧಪೂಜೆ ಎಂದರೆ ತಿರುಗುವ ಗಾಲಿ ಇರುವ ಯಾವುದಕ್ಕೂ ಬಿಡುಗಡೆಯಿಲ್ಲ. ಸ್ಕೂಟರ್, ಮಿಕ್ಸಿ, ಟೇಬಲ್ ಫ್ಯಾನ್ ಎಲ್ಲದರ ಪೂಜೆ ಮುಗಿಸಿ ಮಾವ ಡ್ರೈವಿನ ಮುಂದೆ ಕೂತರು. "ಇದ್ರೊಳಗೂ ಒಂದು ಮೋಟಾರ್ ಇದೆಯಲ್ಲ, ಪಾಪ!" ಪಟ್ಟೆ ಪಟ್ಟೆಯಾಗಿ ವಿಭೂತಿ, ಅದರ ಮೇಲೆ ಕುಂಕುಮ, ಸೇವಂತಿಗೆ. ಕೊನೆಗೆ ಎದುರಿಗೇ ತೆಂಗಿನಕಾಯಿ ಒಡೆದರು. ನೀರು ಚಿಮ್ಮಿ ನೇರ ಫ್ಲಾಪಿ ತೂರಿಸುವ ಬಾಯಿಯೊಳಗೆ ಹೋಯಿತು. ವಿಭೂತಿ ಮೊದಲೇ ಹೋಗಿತ್ತು. ಸಂಜೆ ಸ್ವಿಚ್ ಹಾಕಿದರೆ ಡ್ರೈವ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಯಾರ ಕೈಲೂ ಅದನ್ನು ಮತ್ತೆ ಏಳಿಸಲಾಗಲಿಲ್ಲ.

ಫ್ಲಾಪಿ ಹೊರಗಿದ್ದದ್ದರಿಂದ ಬಚಾವಾಗಿತ್ತು. ಅದನ್ನು ಬೀರುವಿನಲ್ಲಿ ಅತ್ತೆಯ ರೇಷ್ಮೆ ಸೀರೆಗಳ ನಡುವೆ ಇಟ್ಟ ಮಾವ, ಅಂದಿನಿಂದ ಮದುವೆ, ನಾಮಕರಣ ಎನ್ನದೆ ಹೋದಲ್ಲೆಲ್ಲ ಸಾರುತ್ತಾ ಬಂದರು: "ಆ ಆಟ ನಂದೇ."

"ಸಾಕ್ಷಿ ತೋರ್ಸಿ" ಎನ್ನುತ್ತಿದ್ದರು ಅತ್ತೆ. ಮಾವನ ಮುಖ ಇಷ್ಟೇ ಇಷ್ಟಾಗುತ್ತಿತ್ತು. ನಮಗೆಲ್ಲ ನಗು, ಆದರೆ ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ.

ಬಹಳ ವರ್ಷಗಳಾದ ಮೇಲೆ, ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ, ಎಮ್ಯುಲೇಟರ್ ಎಂಬ ವಸ್ತು ಸಿಕ್ಕಿತು. ಹೊಸ ಕಂಪ್ಯೂಟರಿನೊಳಗೆ ಹಳೆಯದರ ವೇಷ ಹಾಕಿ ಕುಣಿಯುವ ಪ್ರೋಗ್ರಾಮ್ ಅದು. ಮಾವನಿಂದ ಫ್ಲಾಪಿ ತರಿಸಿಕೊಂಡು, ಹಳೆ ಡ್ರೈವ್ ಇಟ್ಟುಕೊಂಡಿದ್ದ ಪುಣ್ಯಾತ್ಮನೊಬ್ಬನನ್ನು ಹುಡುಕಿ, ಫ್ಲಾಪಿಯಲ್ಲಿದ್ದದ್ದನ್ನೆಲ್ಲ ಇದ್ದ ಹಾಗೆ ಒಂದು ಫೈಲಿಗೆ ಇಳಿಸಿಕೊಂಡು, ಗಂಡಹೆಂಡಿರನ್ನು ರವೀಂದ್ರನಗರದ ನಮ್ಮ ಮನೆಗೆ ಕರೆದೆ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಅತ್ತೆ ಕೋಡುಬಳೆ ಡಬ್ಬಿ ತಂದರು.

ಮಾವ ಕಂಪ್ಯೂಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು: "ಡ್ರೈವ್ ಎಲ್ಲಿ?"

"ಡ್ರೈವ್ ಇಲ್ಲ ಮಾವ. ಫ್ಲಾಪಿನೇ ಒಂದು ಫೈಲ್ ಆಗಿದೆ. ನಿಮ್ಮ ಪ್ರೋಗ್ರಾಮ್ 'ಡ್ರೈವಿಂದ ಕೊಡು' ಅಂತ ಕೇಳಿದಾಗ ಎಮ್ಯುಲೇಟರ್ ಈ ಫೈಲಿಂದ ತೆಗೆದು ಕೊಡುತ್ತೆ. ಅದಕ್ಕೆ ಗೊತ್ತೇ ಆಗಲ್ಲ."

"ಅಂದ್ರೆ ನನ್ನ ಪ್ರೋಗ್ರಾಮಿಗೆ ಟೋಪಿ ಹಾಕ್ತೀಯ!"

ಆಟ ಮೂಡಿತು. ಮೂರು ಹಣ್ಣು, ಕೊನೆಯ ಕಾಯಿಗೆ ಒಂದೇ ಮನೆ. "ನೋಡೇ! ಸಾಕ್ಷಿ ಬೇಕಿತ್ತಲ್ಲ, ನೋಡು!" ಎಂದು ಮಾವ ಕುರ್ಚಿಯಿಂದ ಎದ್ದೇಬಿಟ್ಟರು. ಅತ್ತೆ ಕೋಡುಬಳೆ ಮುರಿಯುತ್ತಾ ಕೀ ಒತ್ತಿದರು. ಎಂಟು ಬಿತ್ತು, ಬಾರ. ಎಂಟು ಮನೆ ಹಿಂದಿದ್ದ ಅತ್ತೆಯ ಕಾಯಿ ಬಂದು ಮಾವನ ಕಾಯಿಯನ್ನು ಕಡಿಯಿತು. ಮೊದಲಿಂದ ಸುತ್ತಬೇಕಾಯಿತು, ಮಾವ ಸೋತರು.

ಅವರಿಗೆ ಹೊಳೆಯಿತು. "ಫೈಲ್ ಹಾಗೇ ಇದೆಯಲ್ಲ? ಇನ್ನೊಂದ್ಸಲ ಹಾಕು."

ಹಾಕಿದೆ. ಅತ್ತೆ ಒತ್ತಿದರು, ಬಾರ. ಮುಚ್ಚಿ ಮತ್ತೆ ತೆರೆದೆ, ಮತ್ತೆ ಬಾರ. ಅತ್ತೆಗೆ ನಗು ತಡೆಯಲಾಗದೆ ಕೋಡುಬಳೆ ನೆತ್ತಿಗೇರಿತು. ನಾನು ಪ್ರೋಗ್ರಾಮ್ ಬಿಚ್ಚಿ ನೋಡಿದೆ. ಹೊಸದಾಗಿ ಶುರುವಾದಾಗಲೆಲ್ಲ ಕವಡೆಗಳನ್ನು ಕುಲುಕಿಕೊಳ್ಳಬೇಕೆಂದು ಮಾವ ಯಂತ್ರಕ್ಕೆ ಹೇಳಿಯೇ ಇರಲಿಲ್ಲ. ಅದು ಪ್ರತಿ ಸಲ ಅದೇ ಕ್ರಮದಲ್ಲಿ ಕವಡೆ ಹಾಕುತ್ತಿತ್ತು, ಮೊದಲನೆಯದೇ ಬಾರ.

"ಒಂದು ಸಾಲು ಸೇರ್ಸಿದ್ರೆ ಸರಿಹೋಗುತ್ತೆ ಮಾವ. ನೀವು ಗೆದ್ರೂ ಗೆಲ್ಲಬಹುದು."

ಮಾವ ಕೀಬೋರ್ಡನ್ನು ಆಚೆ ತಳ್ಳಿದರು. "ಬ್ಯಾಡ. ಅರ್ಧ ಆಟದಲ್ಲಿ ಕವಡೆ ಬದಲಾಯಿಸೋದು ಮೋಸ."

ಇಷ್ಟು ಹೊತ್ತು ಸೋತ ಆಟವನ್ನೇ ಮತ್ತೆ ಮತ್ತೆ ಹಾಕಿಸಿದ್ದು ಮೋಸವಲ್ಲವೇ ಎಂದು ನಾನು ಕೇಳಲಿಲ್ಲ. ಕಂಪ್ಯೂಟರ್ ಎಂದರೆ ಹೆದರದೆ ಬಿಚ್ಚಿ ನೋಡುವ ಚಾಳಿ ನನಗೆ ಅಂಟಿದ್ದು ಅವರಿಂದ. ನನ್ನ ಅನ್ನದ ದಾರಿ ಅದೇ ಆಯಿತು. ಅದನ್ನು ಅವರೆದುರು ಬಾಯಿಬಿಟ್ಟು ಹೇಳಲೇ ಇಲ್ಲ.

ಆಮೇಲೆ ಒಂದು ಬೇಸಿಗೆಯಲ್ಲಿ, ಎದೆನೋವು ಎಂದು ಮಲಗಿದ ಮಾವ ಏಳಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತೆ ನಮ್ಮ ಮನೆಗೆ ಬಂದರು. ಕಾಫಿ ಕುಡಿದು, "ಅದೊಂದು ಹಾಕೇ" ಎಂದರು.

ಹಾಕಿದೆ. ಮೂರು ಹಣ್ಣು, ಕೊನೆಯ ಕಾಯಿಗೆ ಒಂದೇ ಮನೆ.

"ನಿಮ್ಮ ಸರದಿ ಅತ್ತೆ."

ಅತ್ತೆ ಕೀಬೋರ್ಡಿನ ಹತ್ತಿರ ಕೈ ಒಯ್ದು, ಹಿಂದಕ್ಕೆ ತೆಗೆದು ಸೆರಗಿನೊಳಗೆ ಮುಚ್ಚಿಕೊಂಡರು.

"ನಾನು ಹಾಕಲ್ಲ. ಅವರೇ ಗೆದ್ರು ಅಂತ ಇಟ್ಕೊ."