ಊಟದ ಡಬ್ಬಿಗೆ ಹೆಸರಿಡುವವರು

ನಮ್ಮ ಕಚೇರಿಗೆ ಹೊಸ ಸೀರೆ ಉಟ್ಟುಕೊಂಡು ಹೋಗಲು ಗಟ್ಟಿ ಎದೆ ಬೇಕು. ಬಾಗಿಲು ದಾಟುವಷ್ಟರಲ್ಲಿ ಯಾರಾದರೊಬ್ಬರು ಸೆರಗಿನ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ ನೋಡುತ್ತಾರೆ. ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆಯೆಂಬ ಒಂದೇ ಕಾರಣಕ್ಕೆ ಇಲ್ಲಿ ಕೆಲಸ ಮಾಡುವ ಎಲ್ಲರೂ ತಮ್ಮನ್ನು ರೇಷ್ಮೆ ಪರೀಕ್ಷಕರೆಂದು ತಿಳಿದುಕೊಂಡಿದ್ದಾರೆ. "ಇದು ಪ್ಯೂರ್ ಅಲ್ಲ ಬುಡಿ ಮೇಡಂ, ಒಸಿ ಮೋಸ ಹೋಗಿದ್ದೀರಿ" ಎಂದು ಬೆಳ್ಳಂಬೆಳಗ್ಗೆ ತೀರ್ಪು ಕೊಟ್ಟು ಅವರು ತಮ್ಮ ಕುರ್ಚಿಗೆ ಹೋಗಿ ಕೂರುತ್ತಾರೆ. ಆ ದಿನವೆಲ್ಲ ನನಗೆ ಕೆಲಸ ಓಡುವುದಿಲ್ಲ.

ಇಂಥ ಪದ್ಧತಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಕುರ್ಚಿಯ ಬೆನ್ನಿಗೆ ಜರ್ಕಿನ್ ನೇತುಬಿದ್ದಿದ್ದರೆ ಮನುಷ್ಯ ಕಚೇರಿಯಲ್ಲಿದ್ದಾನೆ ಎಂದರ್ಥ. ಆ ಹೊತ್ತಿಗೆ ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತಿದ್ದರೂ ಸರಿಯೆ. ಯಾರು ಬಂದು ಕೇಳಿದರೂ "ಈಗಿನ್ನೂ ಇಲ್ಲೇ ಇದ್ರಲ್ಲ" ಎಂದು ಉಳಿದವರು ಆಶ್ಚರ್ಯದಿಂದ ಸುತ್ತ ನೋಡಬೇಕು. ಪೆನ್ನು ಕೇಳಿದವರಿಗೆ ಮುಚ್ಚಳ ತೆಗೆದಿಟ್ಟುಕೊಂಡು ಪೆನ್ನು ಮಾತ್ರ ಕೊಡಬೇಕು, ಇಲ್ಲವಾದರೆ ಅದು ಸಂಜೆಯ ಬಸ್ಸಿನಲ್ಲಿ ಯಾರದೋ ಜೇಬು ಸೇರಿ ಕನಕಪುರದವರೆಗೂ ಹೋಗಿಬಿಡುತ್ತದೆ. ಫ್ಯಾನಿನ ಕೆಳಗೆ ಕೂತವರಿಗೆ ಯಾವಾಗಲೂ ಚಳಿ, ದೂರ ಕೂತವರಿಗೆ ಯಾವಾಗಲೂ ಸೆಕೆ. ಈ ಜಗಳ ನಾನು ಸೇರುವ ಮೊದಲೇ ಇತ್ತು, ನಾನು ನಿವೃತ್ತಳಾದ ಮೇಲೂ ಇರುತ್ತದೆ.

ಇನ್ನೊಂದು ಪದ್ಧತಿ, ಯಾರನ್ನೂ ಹೆಸರು ಹಿಡಿದು ಕರೆಯದಿರುವುದು. ಯಾರು ಯಾವ ಊರಿನಿಂದ ಬರುತ್ತಾರೋ ಅದೇ ಅವರ ಹೆಸರು. ದಿನಾ ಚನ್ನಪಟ್ಟಣದಿಂದ ಬರುವ ನಾನು ಚನ್ನಪಟ್ಟಣದ ಮೇಡಂ. ಪಕ್ಕದ ಮೇಜಿನ ಯುವಕ ಕನಕಪುರದವನು. ರಾಮನಗರದಲ್ಲೇ ಹುಟ್ಟಿ ಬೆಳೆದ, ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕಸುಬಿರುವ ಹಿರಿಯ ಸಹೋದ್ಯೋಗಿಯನ್ನು ಮಾತ್ರ ಎಲ್ಲರೂ ಅಕ್ಕನೆಂಬ ಅರ್ಥದಲ್ಲಿ ಆಪಾ ಎನ್ನುತ್ತೇವೆ. ಕಚೇರಿ ಇರುವ ಊರಿನ ಹೆಸರನ್ನೇ ಅಲ್ಲಿಯವರಿಗೆ ಹೇಗೆ ಇಡುವುದು? ನನ್ನ ಎದುರಿಗೆ ಕೂರುವವರು ಮಾಗಡಿಯವರು. ಐವತ್ತು ದಾಟಿದ, ನಿಧಾನ ಮಾತಿನ, ಬಸ್ಸು ತಡವಾದರೂ ಯಾರ ಮೇಲೂ ರೇಗದ ಮನುಷ್ಯ. ಇದು ಅವರ ವಿಷಯ.

ಮಧ್ಯಾಹ್ನ ನಾವು ನಾಲ್ಕೂ ಜನ ಹಿಂದಿನ ಕೋಣೆಯಲ್ಲಿ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಊಟಕ್ಕೆ ಕೂರುತ್ತೇವೆ. ಡಬ್ಬಿ ತೆರೆದ ಕೂಡಲೇ ಅದರಲ್ಲಿರುವುದು ಎಲ್ಲರಿಗೂ ಸೇರಿದ್ದು. ತಂದವರ ಪಾಲಿಗೆ ಏನೂ ಉಳಿಯದಿದ್ದರೆ ಅದು ಅವರ ಅದೃಷ್ಟ. ತಿಂದ ಮೇಲೆ ಕಡ್ಡಾಯವಾಗಿ ಹೆಸರಿಡಬೇಕು. ಉಪ್ಪು ಮುಂದಾಯಿತು, ಒಗ್ಗರಣೆ ಸೀದಿದೆ, ಮುದ್ದೆ ಅಂಟುತ್ತದೆ, ಇಂಥದ್ದೇನಾದರೂ ಹೇಳದೆ ಏಳುವ ಹಾಗಿಲ್ಲ. "ಚೆನ್ನಾಗೈತೆ" ಎಂಬ ಮಾತನ್ನು ನಾವು ನೆಂಟರಿಗಾಗಿ ತೆಗೆದಿಟ್ಟಿದ್ದೇವೆ. ತಪಾಸಣೆಗೆ ಬಂದ ಮೇಲಧಿಕಾರಿ ನಮ್ಮ ಜೊತೆ ಉಂಡರೆ ಅವರ ಡಬ್ಬಿ ಚೆನ್ನಾಗೈತೆ. ವರ್ಗವಾಗಿ ಹೋಗುವವರ ಕೊನೆಯ ದಿನದ ಡಬ್ಬಿಯೂ ಚೆನ್ನಾಗೈತೆ.

ಇದು ನನಗೆ ಮೊದಲು ಗೊತ್ತಿರಲಿಲ್ಲ. ನಾನು ಸೇರಿದ ಹೊಸದರಲ್ಲಿ ಎಲ್ಲರೂ ನನ್ನ ಪಲ್ಯ ಹೊಗಳಿ ಹೊಗಳಿ ತಿಂದರು. ಮನೆಗೆ ಹೋಗಿ ಗಂಡನ ಮುಂದೆ ಜಂಬ ಕೊಚ್ಚಿಕೊಂಡೆ. ಮುಂದಿನ ವಾರ ಮಾಗಡಿಯವರು ನನ್ನ ಹುರುಳಿಕಾಯಿ ಪಲ್ಯವನ್ನು ಬೆರಳಲ್ಲಿ ಎತ್ತಿ ನೋಡಿ, "ಯಾಕ್ ಮೇಡಂ, ಬೆಳಿಗ್ಗೆ ರೈಲು ಬಂದ್ಬುಟ್ಟಿತ್ತಾ? ಕಾಯಿ ಗಿಡದಲ್ಲಿ ಹೆಂಗಿತ್ತೋ ಹಂಗೇ ಐತಲ್ಲ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಡಬ್ಬಿ ಮುಚ್ಚಿ ಎದ್ದು ಬಂದೆ. ಹಿಂದೆಯೇ ಬಂದ ಆಪಾ ನನ್ನ ಬೆನ್ನು ತಟ್ಟಿ, "ಅರೆ, ಯಾಕೆ ಅಳ್ತೀಯ? ಇವತ್ತಿಂದ ನೀನು ನಮ್ಮೋಳು ಅಂತ ಅರ್ಥ" ಎಂದರು. ಇದೆಂಥ ಮರ್ಯಾದೆಗೆಟ್ಟ ಪ್ರೀತಿ ಎಂದು ಬಹಳ ದಿನ ಬೈದುಕೊಂಡೆ. ಆಮೇಲೆ ನಾನೇ ಎಲ್ಲರಿಗಿಂತ ಹೆಚ್ಚು ಹೆಸರಿಡುವವಳಾದೆ. ಬಾಯಿ ಮೊದಲೇ ಜೋರು, ಇಲ್ಲಿ ಅದಕ್ಕೆ ಅನುಮತಿಯೂ ಸಿಕ್ಕಿತು.

ಹೆಸರಿಡಿಸಿಕೊಳ್ಳುವುದರಲ್ಲಿ ಮಾಗಡಿಯವರ ಡಬ್ಬಿಯದು ಬೇರೆಯೇ ವೈಭವ. ಅವರ ಹೆಂಡತಿ ಬಹಳ ಚೆನ್ನಾಗಿ ಅಡುಗೆ ಮಾಡುತ್ತಿದ್ದರು, ಅದರಲ್ಲಿ ಹೆಸರಿಡಲು ನಾವು ಹೆಣಗಾಡಬೇಕಿತ್ತು. ಹೇಗೋ ಕಷ್ಟಪಟ್ಟು ಏನಾದರೂ ಹುಡುಕಿ ಹೇಳಿದರೆ ಮಾಗಡಿಯವರು ಅದನ್ನು ಸಂಜೆ ಮನೆಗೆ ಹೊತ್ತುಕೊಂಡು ಹೋಗಿ ಹೆಂಡತಿಗೆ ಒಪ್ಪಿಸುತ್ತಿದ್ದರು. ಮಾರನೆಯ ದಿನ ಬಸ್ಸಿಳಿದು ಬರುವಾಗ ಉತ್ತರ ತರುತ್ತಿದ್ದರು. ಒಮ್ಮೆ ನಾನು ಬಸ್ಸಾರು ನೀರು ನೀರಾಗಿದೆ ಎಂದಿದ್ದೆ. ಮರುದಿನ ಅವರು ನನ್ನ ಮೇಜಿನ ಮುಂದೆ ನಿಂತು, ಮುಖದಲ್ಲಿ ನಗು ತೋರಿಸದೆ, "ನಮ್ಮನೇಲಿ ಹೇಳವ್ರೆ. ಚನ್ನಪಟ್ಟಣದೋರಿಗೆ ಸಾರು ಮರದ ಬೊಂಬೆ ಥರ ಗಟ್ಟಿ ಇರಬೇಕೇನೋ, ನಮಗೆ ಹಂಗೆ ಮಾಡಕ್ಕೆ ಬರಲ್ಲ, ಅಂತ" ಎಂದರು. ಇಡೀ ಕಚೇರಿ ನಕ್ಕಿತು. ನಾನೂ ಬಿಡಲಿಲ್ಲ, ಅದಕ್ಕೊಂದು ಉತ್ತರ ಕಟ್ಟಿ ಕಳಿಸಿದೆ. ಹೀಗೆ ಮುಖವನ್ನೇ ನೋಡದ ಒಬ್ಬ ಹೆಂಗಸಿನ ಜೊತೆ ನಾನು ವರ್ಷಗಟ್ಟಲೆ ಜಗಳವಾಡಿದ್ದೇನೆ. ಆಕೆ ನನಗೆ ತುಂಬ ಇಷ್ಟವಾಗಿದ್ದರು. ಒಂದು ಭಾನುವಾರ ಮಾಗಡಿಗೆ ಹೋಗಿ ಎದುರುಬದುರು ಕೂತು ಜಗಳ ಮುಗಿಸಬೇಕೆಂದು ನಾನೂ ಆಪಾನೂ ಮಾತಾಡಿಕೊಳ್ಳುತ್ತಲೇ ಇದ್ದೆವು.

ನಾವು ಹೋದದ್ದು ಆಕೆ ತೀರಿಕೊಂಡ ದಿನ. ದಸರಾ ಕಳೆದ ಹೊಸದರಲ್ಲಿ, ಎದೆನೋವೆಂದವರು ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅಂಗಳದಲ್ಲಿ ಮಲಗಿಸಿದ್ದರು. ಹಣೆ ತುಂಬ ಕುಂಕುಮ, ಚಿಕ್ಕ ಮುಖ. ಇಷ್ಟು ಚಿಕ್ಕ ಹೆಂಗಸು ಅಷ್ಟು ಮಾತು ಕಳಿಸುತ್ತಿದ್ದರೇ ಎಂದು ನನಗೆ ದುಃಖ ಒತ್ತಿ ಬಂತು. ಗಂಡನ ಮನೆಯಿಂದ ಬಂದ ಮಗಳು ನಮ್ಮನ್ನು ನೋಡಿ, "ನೀವೇನಾ ಚನ್ನಪಟ್ಟಣದೋರು? ಅಮ್ಮ ನಿಮ್ಮ ವಿಷ್ಯ ಹೇಳ್ತಾನೇ ಇರೋದು" ಎಂದು ನನ್ನ ಕೈ ಹಿಡಿದುಕೊಂಡಳು.

ತಿಥಿ ಕಳೆದು ಮಾಗಡಿಯವರು ಕೆಲಸಕ್ಕೆ ಬಂದರು. ಮಧ್ಯಾಹ್ನ ನಾವು ಎಷ್ಟು ಕರೆದರೂ ಹಿಂದಿನ ಕೋಣೆಗೆ ಬರಲಿಲ್ಲ. ಹೋಟೆಲಿಗೆ ಹೋಗುತ್ತೇನೆಂದು ಹೊರಟು, ಹೊರಗೆ ಮರದ ಕೆಳಗೆ ನಿಂತಿದ್ದು ವಾಪಸು ಬರುತ್ತಿದ್ದರು. ಕೈಯಲ್ಲಿ ಡಬ್ಬಿಯಿಲ್ಲದೆ ನಮ್ಮ ಜೊತೆ ಕೂರಲು ಅವರಿಗೆ ಸಂಕೋಚವೆಂದು ನಮಗೆ ಗೊತ್ತಿತ್ತು. ಹೀಗಿರುವಾಗ ಒಂದು ದಿನ ಅವರು ಡಬ್ಬಿ ಹಿಡಿದುಕೊಂಡು ಬಂದರು. "ನಾನೇ ಮಾಡಿದ್ದು" ಎಂದು ಮುಚ್ಚಳ ತೆಗೆದರು. ಒಳಗೆ ಅನ್ನವಿತ್ತು, ಅದರ ಪಕ್ಕ ಬೇಳೆಯ ತಿಳಿಸಾರಿನಂಥದ್ದೇನೋ ಇತ್ತು. ಅದಕ್ಕೆ ಏನೆನ್ನಬೇಕೋ ದೇವರಿಗೇ ಗೊತ್ತು. ಆಪಾ ಒಂದು ತುತ್ತು ತಿಂದು, "ಚೆನ್ನಾಗಿದೆ ಸಾರ್" ಎಂದರು. ಕನಕಪುರದವನು "ಸಕತ್ತಾಗೈತೆ ಸಾರ್" ಎಂದ. ನಾನೂ ಹಾಗೆಯೇ ಅಂದೆ. ಇನ್ನೇನು ಹೇಳುವುದು? ಬಾಯಿ ಜೋರಿದ್ದ ಮಾತ್ರಕ್ಕೆ ಅಷ್ಟೂ ಕರುಣೆ ಇಲ್ಲದವಳೇ ನಾನು?

ಅಂದಿನಿಂದ ಅದೇ ರೂಢಿಯಾಯಿತು. ಅವರು ದಿನಾ ಏನಾದರೊಂದು ತರುವುದು, ನಾವು ಚೆನ್ನಾಗಿದೆ ಎನ್ನುವುದು. ಉಳಿದ ಮೂರು ಡಬ್ಬಿಗಳಿಗೆ ಎಂದಿನಂತೆ ಬೈಗುಳ. ಅವರ ಡಬ್ಬಿ ಬಂದಾಗ ಎಲ್ಲರ ದನಿಯೂ ಮೆತ್ತಗಾಗುತ್ತಿತ್ತು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿ ತಲೆಯಾಡಿಸುತ್ತಿದ್ದರು. ದಿನ ಹೋದಂತೆ ಮೇಜಿನ ತುದಿಗೆ ಸರಿದು ಕೂರತೊಡಗಿದರು. ಅವರ ಮಾತೂ ಕಡಿಮೆಯಾಯಿತು. ಎಲ್ಲವೂ ಶೋಕದ್ದೆಂದು ನಾವು ತಿಳಿದೆವು.

ಅವರೆಕಾಯಿಯ ಕಾಲ ಬಂತು. ಆ ಸೋಮವಾರ ಮಾಗಡಿಯವರು ದೊಡ್ಡ ಡಬ್ಬಿ ತಂದಿದ್ದರು. ಹಿತಕಿದ ಅವರೆಬೇಳೆ ಸಾರು. ಕಾಳು ನೆನೆಸಿ, ಒಂದೊಂದನ್ನೂ ಬೆರಳಲ್ಲಿ ಹಿತುಕಿ, ಸಿಪ್ಪೆ ಬಿಡಿಸಿ ಮಾಡುವ ಆ ಸಾರಿಗೆ ಮನೆ ಮಂದಿಯೆಲ್ಲ ಕೂತರೂ ಹೊತ್ತು ಸಾಲದು. ಅವರೊಬ್ಬರೇ ಕೂತು ಭಾನುವಾರವೆಲ್ಲ ಹಿತುಕಿದ್ದರಂತೆ. ಎಲ್ಲರಿಗೂ ಬಡಿಸಿ, ಯಾರ ಮುಖವನ್ನೂ ನೋಡದೆ ಹೇಳಿದರು: "ನಾನು ಮಾಗಡಿಗೇ ವರ್ಗ ಕೇಳ್ತಾ ಇವ್ನಿ. ಇವತ್ತು ಸಾಹೇಬ್ರ ಹತ್ರ ಮಾತಾಡ್ತೀನಿ. ಅಲ್ಲಾದ್ರೆ ಮಧ್ಯಾಹ್ನ ಮನೇಗೋಗಿ ಉಂಡು ಬರ್ಬೋದು."

ಎಷ್ಟೋ ಸಲ ತಾನಾಗಿ ಬಂದ ಮಾಗಡಿಯ ಜಾಗವನ್ನು ಅವರು ಬೇಡವೆಂದವರು. "ಅಲ್ಲಿ ಡಬ್ಬಿಗೆ ಹೆಸರಿಡೋಕೆ ಯಾರವ್ರೆ ಮಧ್ಯಾಹ್ನಕ್ಕೆ" ಎಂದು ನಗುತ್ತಿದ್ದರು. ಈಗ ಯಾರೂ ಇಲ್ಲದ ಮನೆಗೆ ಹೋಗಿ ಒಬ್ಬರೇ ಉಣ್ಣುವುದಕ್ಕಾಗಿ ನಮ್ಮನ್ನು ಬಿಟ್ಟು ಹೊರಟಿದ್ದರು. ಏನೂ ತೋಚದೆ ಸಾರು ಕಲಸಿ ಬಾಯಿಗಿಟ್ಟೆ. ಬೇಳೆ ಹಲ್ಲಿಗೆ ಸಿಕ್ಕಿ ಕಟ್ ಎಂದಿತು. ಪಕ್ಕದಲ್ಲಿ ಆಪಾ, "ಚೆನ್ನಾಗಿದೆ ಸಾರ್" ಎಂದರು. ಕನಕಪುರದವನು ಅಗಿಯಲಾರದೆ ನೀರು ಕುಡಿದು, "ಸಕತ್ತು ಸಾರ್" ಎಂದ.

ನನಗೆ ತಡೆಯಲಾಗಲಿಲ್ಲ. ಅವರು ಹೊರಟಿರುವ ಸಿಟ್ಟೋ, ಆ ಬೇಳೆಯ ಸಿಟ್ಟೋ, ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. "ಏನು ಚೆನ್ನಾಗಿದೆ ಇದರಲ್ಲಿ? ಬೇಳೆ ಬೇಯೋಕೆ ಮುಂಚೇನೇ ಹುಣಸೆಹುಳಿ ಬಿಟ್ಟಿದ್ದೀರಿ ಸಾರ್. ಹುಳಿ ಬಿದ್ದ ಮೇಲೆ ಬೇಳೆ ಎಲ್ಲಿಂದ ಬೇಯುತ್ತೆ? ಇಡೀ ಭಾನುವಾರ ಹಿತುಕಿದ ಕಾಳನ್ನ ಹಾಳು ಮಾಡಿದ್ದೀರಲ್ಲ. ಮಾಗಡಿಯಲ್ಲಿ ಹುಟ್ಟಿ ಅವರೆಬೇಳೆ ಬೇಯಿಸೋಕೆ ಬರಲ್ಲ ಅಂದ್ರೆ ನಾಚಿಕೆ ಆಗಬೇಕು ನಿಮಗೆ."

ಆಪಾ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಕನಕಪುರದವನು ತಲೆ ತಗ್ಗಿಸಿದ. ಮಾಗಡಿಯವರು ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು. ಆಡಿಬಿಟ್ಟೆನಲ್ಲ ಎಂದು ನಾನು ನಾಲಿಗೆ ಕಚ್ಚಿಕೊಂಡೆ.

"ಹೋದ ತಿಂಗಳು ಒಂದಿನ ಬೇಕಂತ್ಲೇ ಉಪ್ಪು ಹಾಕ್ದೆ ತಂದಿದ್ದೆ ಕಣಮ್ಮ" ಎಂದರು ಅವರು, ಮೆಲ್ಲಗೆ. "ಒಂದು ಹರಳೂ ಹಾಕಿರಲಿಲ್ಲ. ಯಾರಾದ್ರೂ ಏನಾದ್ರೂ ಅಂತೀರೇನೋ ಅಂತ ಕಾದೆ. ಮೂರು ಜನಾನೂ ಚೆನ್ನಾಗೈತೆ ಅಂದ್ರಿ. ಆವತ್ತೇ ಗೊತ್ತಾಯ್ತು, ನಾನೀಗ ಇಲ್ಲಿ ನೆಂಟ ಅಂತ."

ಆ ದಿನ ನನಗೆ ನೆನಪಿತ್ತು. ಸಪ್ಪೆ ಸಾರನ್ನು ನುಂಗಲು ಆಪಾ ಉಪ್ಪಿನಕಾಯಿ ನೆಕ್ಕಿ ನೆಕ್ಕಿ ತಿಂದಿದ್ದರು. ಪಾಪ, ಉಪ್ಪನ್ನೇ ಮರೆತಿದ್ದಾರೆ ಎಂದು ಸಂಜೆ ನಾವಿಬ್ಬರೂ ಕಣ್ಣೊರೆಸಿಕೊಂಡಿದ್ದೆವು.

"ಮೂವತ್ತು ವರ್ಸ ಅವಳು ದಿನಾ ಬೈದ್ಲು" ಎಂದು ಮಾಗಡಿಯವರು ಮುಂದುವರಿಸಿದರು. "ಟವಲ್ ಅಲ್ಲಿ ಹಾಕ್ಬೇಡ, ಚಪ್ಲಿ ಇಲ್ಲಿ ಬುಡ್ಬೇಡ, ಒಂದಾ ಎರಡಾ. ಅವಳು ಹೋದ ಮ್ಯಾಲೆ ಎಲ್ರೂ ನನ್ನ ಹತ್ರ ಮೆತ್ತಗೆ ಮಾತಾಡ್ತಾರೆ. ಮಗಳೂ ಅಷ್ಟೆ, ಬಸ್ ಕಂಡಕ್ಟ್ರೂ ಅಷ್ಟೆ. ನೀವೂ ಬೈಯೋದ್ ಬುಟ್ಬುಟ್ರೆ ನಾನು ಯಾರ ತಾವ ಹೋಗ್ಲಿ?"

ಕನಕಪುರದವನು ತಗ್ಗಿಸಿದ್ದ ತಲೆ ಎತ್ತಿದ. "ಸಾರ್, ಶುಕ್ರವಾರ ನೀವು ತಂದಿದ್ದ ಮುದ್ದೇಲಿ ಗಂಟಿತ್ತು."

"ಎಷ್ಟಿತ್ತು?"

"ಮುದ್ದೆಗಿಂತ ಗಂಟೇ ಜಾಸ್ತಿ ಇತ್ತು ಸಾರ್."

ಆಪಾ ಸೆರಗಿನಿಂದ ಮೂಗು ಒರೆಸಿಕೊಂಡು, "ಆ ಬದನೆಕಾಯಿ ಪಲ್ಯ ನಾನು ಬೆಕ್ಕಿಗೆ ಹಾಕಿದೆ ಸಾರ್. ಅದೂ ಮುಟ್ಟಲಿಲ್ಲ" ಎಂದರು.

ಮಾಗಡಿಯವರು ಮೇಜಿನ ತುದಿಯಿಂದ ತಮ್ಮ ಕುರ್ಚಿಯನ್ನು ನಮ್ಮ ಕಡೆಗೆ ಎಳೆದುಕೊಂಡರು. "ಹೂಂ, ಆಮೇಲೆ?" ಎಂದರು. ನಾವು ಹೇಳುತ್ತ ಹೋದೆವು. ಊಟದ ಹೊತ್ತು ಮುಗಿದು ಹೊರಗೆ ಜನ ಬಂದು ನಿಂತರೂ ಹೇಳುತ್ತಲೇ ಇದ್ದೆವು. ಆವತ್ತು ಅವರು ಸಾಹೇಬರ ಕೋಣೆಗೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಆಕೆ ಇದ್ದ ಜಾಗವನ್ನು ತುಂಬುವುದು ನಮ್ಮಿಂದಾಗದ ಮಾತು. ಬೈಯುವ ಕೆಲಸವೊಂದನ್ನು ಮಾತ್ರ ಮೂವರೂ ಹಂಚಿಕೊಂಡಿದ್ದೇವೆ.